ಶ್ರವಣಾತೀತ ಶಬ್ದದ ಚಿಕಿತ್ಸೆ: ಅದರ ಮಾತ್ರೆಯೂ ನಿಷೇಧಗಳೂ

ಶಬ್ದವು ಕಿವಿಯಿಂದ ಗ್ರಹಿಸತಕ್ಕ ಗುಣವೆಂದು ತಾರ್ಕಿಕರು ಲಕ್ಷಣವನ್ನು ಹೇಳುವರು. ಈ ಲಕ್ಷಣವನ್ನು ಅಕ್ಷರಶಃ ಅಂಗೀಕರಿಸಿದ ಪಕ್ಷದಲ್ಲಿ, ಪ್ರಕೃತ ವಿಚಾರಕ್ಕೆ ವಿಷಯವಾದ ಶಬ್ದವನ್ನು ಶಬ್ದವೆಂದೇ ಕರೆಯಲಾಗದು. ಏಕೆಂದರೆ ಅದು ಯಾವ ಮನುಷ್ಯನ ಕಿವಿಗೂ ಕೇಳಿಸತಕ್ಕದ್ದಲ್ಲ. ಆದರೂ ಅದರ ಜನ್ಮವೂ ಗತಿಯೂ ಕೇಳುವ ಶಬ್ದದಂತೆಯೇ ಇರುವುದರಿಂದ ಆಧುನಿಕ ಭೌತಶಾಸ್ತ್ರವು ಅದನ್ನು ಶಬ್ದವರ್ಗದಲ್ಲಿಯೇ ಸೇರಿಸಿ, ಶ್ರವಣವನ್ನು ಮೀರಿದ ಶಬ್ದವೆಂಬ ಅರ್ಥದಲ್ಲಿ ಅಲ್ಟ್ರಾಸೌಂಡ್ ಎಂದು ಹೆಸರಿಟ್ಟಿದೆ. ಕೀಲುನೋವು, ಮಾಂಸಖಂಡಗಳ ಬಿಗಿತ, ಉಳುಕು ಮೊದಲಾದವುಗಳಿಗೆ ಫಿಸಿಯೋಥೆರಪಿ ಶಾಲೆಗಳಲ್ಲಿ ಈ ಶಬ್ದವನ್ನು ಪ್ರಯೋಗಿಸುವುದು ಈಗ ಬಹಳ ರೂಢಿಯಲ್ಲಿದೆ. ಕಣ್ಣಿಗೆ ಕಾಣದ, ಕಿವಿಗೆ ಕೇಳದ, ಅನೇಕ ವೇಳೆ ಚರ್ಮಕ್ಕೂ ಅರಿವಾಗದ ಶಕ್ತಿಯೊಂದನ್ನು ರೋಗಿಯ ದೇಹದೊಳಕ್ಕೆ ಕಳುಹಿಸುವಾಗ ಮೂರು ಪ್ರಶ್ನೆಗಳು ಏಳುವುವು. ಎಷ್ಟನ್ನು ಕಳುಹಿಸಬೇಕು? ಎಲ್ಲಿ ಕಳುಹಿಸಬಾರದು? ಎಲ್ಲಿ ಕಳುಹಿಸಿದರೂ ಪ್ರಯೋಜನವಿಲ್ಲ? ಇವುಗಳ ವಿವೇಚನೆಯೇ ಈ ಲೇಖನದ ಉದ್ದೇಶವು.

ಉತ್ಪತ್ತಿಯೂ ಪೂರ್ವವೃತ್ತಾಂತವೂ

ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20 ಕಂಪನಗಳಿಂದ 20,000 ಕಂಪನಗಳವರೆಗಿನ ಶಬ್ದವನ್ನು ಗ್ರಹಿಸಬಲ್ಲುದು. ಚಿಕಿತ್ಸೆಯಲ್ಲಿ ಉಪಯೋಗಿಸುವ ಶಬ್ದವಾದರೋ ಸಾಧಾರಣವಾಗಿ ಸೆಕೆಂಡಿಗೆ 10 ಲಕ್ಷ ಅಥವಾ 30 ಲಕ್ಷ ಕಂಪನಗಳುಳ್ಳದ್ದು. ಇವನ್ನೇ 1 ಮೆಗಾಹರ್ಟ್ಸ್, 3 ಮೆಗಾಹರ್ಟ್ಸ್ ಎಂದು ಯಂತ್ರದ ಮೇಲೆ ಬರೆದಿರುವುದು. ಇಷ್ಟು ವೇಗದ ಕಂಪನವನ್ನು ಉಂಟುಮಾಡುವ ಉಪಾಯವು 1880ರಲ್ಲಿ ಫ್ರಾನ್ಸ್ ದೇಶದ ಜಾಕ್ ಕ್ಯೂರಿ, ಪಿಯೆರ್ ಕ್ಯೂರಿ ಎಂಬ ಸಹೋದರರ ಶೋಧನೆಯಿಂದ ದೊರೆಯಿತು. ಕ್ವಾರ್ಟ್ಸ್ ಮೊದಲಾದ ಕೆಲವು ಸ್ಫಟಿಕಗಳನ್ನು ಅದುಮಿದರೆ ಅವುಗಳಲ್ಲಿ ವಿದ್ಯುತ್ತು ತೋರುವುದೆಂದು ಅವರು ಕಂಡರು. ಅದೇ ಸ್ಫಟಿಕಕ್ಕೆ ವಿದ್ಯುತ್ತನ್ನು ಕೊಟ್ಟರೆ ಅದು ಹಿಗ್ಗಿ ಕುಗ್ಗುವುದೆಂಬುದು ಮರುವರ್ಷವೇ ಸಿದ್ಧವಾಯಿತು. ವಿದ್ಯುತ್ತಿನ ದಿಕ್ಕನ್ನು ಸೆಕೆಂಡಿಗೆ 10 ಲಕ್ಷ ಸಲ ಬದಲಾಯಿಸಿದರೆ ಸ್ಫಟಿಕವೂ ಅಷ್ಟೇ ಸಲ ಕಂಪಿಸಿ ತನಗೆ ಅಂಟಿದ ವಸ್ತುವಿನಲ್ಲಿ ಅಲೆಗಳನ್ನೆಬ್ಬಿಸುವುದು. ಈಗಿನ ಯಂತ್ರಗಳಲ್ಲಿ ಕ್ವಾರ್ಟ್ಸಿಗೆ ಬದಲಾಗಿ ಸೀಸ, ಜಿರ್ಕೋನಿಯಂ, ಟೈಟೇನಿಯಂ ಇವುಗಳ ಸಂಯೋಗದಿಂದ ಸುಟ್ಟು ಮಾಡಿದ ಪಿಂಗಾಣಿಯಂತಹ ಬಿಲ್ಲೆಯು ಉಪಯೋಗದಲ್ಲಿದೆ.

ಈ ಶಬ್ದಕ್ಕೆ ಜೀವಿಗಳ ಮೇಲೆ ಪರಿಣಾಮವುಂಟೆಂಬುದು ಮೊದಲು ತಿಳಿದುಬಂದದ್ದು ಚಿಕಿತ್ಸೆಯಿಂದಲ್ಲ, ಹಿಂಸೆಯಿಂದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪೌಲ್ ಲಾಂಜೆವಾನನು ನೀರೊಳಗಿನ ಜಲಾಂತರ್ಗಾಮಿಗಳನ್ನು ಪತ್ತೆಮಾಡುವುದಕ್ಕಾಗಿ ಪ್ರಬಲವಾದ ಶ್ರವಣಾತೀತ ಅಲೆಗಳನ್ನು ನೀರಿನಲ್ಲಿ ಬಿಟ್ಟಾಗ ಸಮೀಪದ ಮೀನುಗಳು ಸತ್ತುವು. ನೀರಿನಲ್ಲಿಟ್ಟ ಕೈಯಲ್ಲಿ ನೋವುಂಟಾಯಿತು. 1927ರಲ್ಲಿ ಅಮೇರಿಕದ ವುಡ್ ಮತ್ತು ಲೂಮಿಸ್ ಎಂಬವರು ಈ ಪರಿಣಾಮಗಳನ್ನು ವಿಸ್ತಾರವಾಗಿ ಪರೀಕ್ಷಿಸಿ ಪ್ರಕಟಿಸಿದರು. 1930ರ ದಶಕದ ಕೊನೆಯಲ್ಲಿ ಜರ್ಮನಿಯ ಪೋಲ್ಮಾನನು ಇದನ್ನು ರೋಗಿಗಳಿಗೆ ಪ್ರಯೋಗಿಸಿದನು. 1949ರ ವೇಳೆಗೆ ಆ ದೇಶದ ಎರ್ಲಾಂಗೆನ್ ನಗರದಲ್ಲಿ ಈ ವಿಷಯಕ್ಕಾಗಿಯೇ ವೈದ್ಯಸಮ್ಮೇಳನವು ಸೇರುವಷ್ಟು ಪ್ರಚಾರವಾಗಿದ್ದಿತು. ತೀಕ್ಷ್ಣವಾದ ವಿಷವೂ ಯುಕ್ತಿಯಿಂದ ಉಪಯೋಗಿಸಿದರೆ ಔಷಧವಾಗುವುದು, ಔಷಧವೂ ಯುಕ್ತಿ ತಪ್ಪಿದರೆ ವಿಷವಾಗುವುದೆಂದು ಚರಕಸಂಹಿತೆಯಲ್ಲಿ ಹೇಳಿರುವ ತತ್ತ್ವಕ್ಕೆ ಈ ವೃತ್ತಾಂತವು ಒಂದು ಹೊಸ ಉದಾಹರಣೆಯೆನ್ನಬಹುದು.

ಗರ್ಭಿಣಿಯರ ಉದರವನ್ನು ಪರೀಕ್ಷಿಸುವ ಅಲ್ಟ್ರಾಸೌಂಡಿಗೂ ಇದಕ್ಕೂ ಭೇದವಿರುವುದನ್ನು ಇಲ್ಲಿಯೇ ಹೇಳುವುದು ಯುಕ್ತವು. ಅಲ್ಲಿ ಅತ್ಯಲ್ಪಕಾಲದ ಶಬ್ದತುಣುಕುಗಳನ್ನು ಬಿಟ್ಟು, ಮರಳಿ ಬಂದ ಪ್ರತಿಧ್ವನಿಗಳಿಂದ ಚಿತ್ರವನ್ನು ರಚಿಸುವರು. ಅಲ್ಲಿಯ ಗುರಿ ನೋಡುವುದು. ಇಲ್ಲಿಯಾದರೋ ಶಕ್ತಿಯನ್ನು ಅಂಗದಲ್ಲಿ ಇಳಿಸುವುದೇ ಗುರಿ. ಆದುದರಿಂದ ಒಂದು ನಿರಪಾಯವೆಂಬ ಕಾರಣದಿಂದ ಮತ್ತೊಂದೂ ನಿರಪಾಯವೆಂದು ಊಹಿಸುವುದು ಹೆಸರಿನ ಸಾಮ್ಯದಿಂದ ಹುಟ್ಟುವ ಭ್ರಾಂತಿ.

ಶಬ್ದದ ಗತಿ

ಶಬ್ದವು ಹುಟ್ಟಿದ ಸ್ಥಳದಿಂದ ಕೇಳುವವನವರೆಗೆ ಹೇಗೆ ಬರುವುದೆಂಬ ವಿಷಯದಲ್ಲಿ ನೈಯಾಯಿಕರು ಎರಡು ದೃಷ್ಟಾಂತಗಳನ್ನು ಕೊಟ್ಟಿರುವರು. ನೀರಿನಲ್ಲಿ ಅಲೆಯಿಂದ ಅಲೆ ಹುಟ್ಟುವಂತೆ ಎಂಬುದು ಒಂದು. ಕದಂಬದ ಮೊಗ್ಗಿನ ಎಸಳುಗಳು ಏಕಕಾಲದಲ್ಲಿ ಎಲ್ಲಾ ಕಡೆಗೂ ಹೊಮ್ಮುವಂತೆ ಎಂಬುದು ಮತ್ತೊಂದು. ಸಾಮಾನ್ಯ ಶಬ್ದಕ್ಕೆ ಎರಡನೆಯ ದೃಷ್ಟಾಂತವೂ ಚೆನ್ನಾಗಿ ಹೊಂದುವುದು. ಗಂಟೆಯ ನಾದವು ಸುತ್ತಲಿದ್ದವರೆಲ್ಲರಿಗೂ ಕೇಳಿಸುವುದಷ್ಟೆ. ಚಿಕಿತ್ಸೆಯ ಶಬ್ದವು ಹಾಗಲ್ಲ. 1 ಮೆಗಾಹರ್ಟ್ಸ್ ಶಬ್ದವು ದೇಹದಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಸಾಗುವುದಾದುದರಿಂದ ಅದರ ಅಲೆಯ ಉದ್ದವು ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ. ಅದು ಹೊರಡುವ ಲೋಹದ ಮುಖವು ಇದಕ್ಕಿಂತ ಎಷ್ಟೋ ಪಾಲು ಅಗಲವಾದದ್ದು. ಅಲೆಗಿಂತ ಮೂಲವು ದೊಡ್ಡದಾದಾಗ ಶಬ್ದವು ಕದಂಬದಂತೆ ಚೆದರದೆ ದೀಪದ ಕಿರಣದಂತೆ ನೇರವಾಗಿ ಮುಂದಕ್ಕೆ ಹೋಗುವುದು. ಇದರಿಂದ ಬೇಕಾದ ಸ್ಥಳಕ್ಕೆ ಗುರಿಯಿಡುವ ಅನುಕೂಲವೂ, ಗುರಿ ತಪ್ಪಿದರೆ ಬೇಡದ ಸ್ಥಳವನ್ನು ತಾಕುವ ಅಪಾಯವೂ ಒಟ್ಟಿಗೆ ಬರುವುವು.

ಈ ಶಬ್ದವು ಗಾಳಿಯನ್ನು ದಾಟಲಾರದು. ಲೋಹಕ್ಕೂ ಚರ್ಮಕ್ಕೂ ನಡುವೆ ಕಾಗದದಷ್ಟು ತೆಳ್ಳಗಿನ ಗಾಳಿಯ ಪದರವಿದ್ದರೂ ಹೆಚ್ಚು ಕಡಿಮೆ ಎಲ್ಲಾ ಶಕ್ತಿಯೂ ಹಿಂದಕ್ಕೆ ತಿರುಗಿಬಿಡುವುದು. ಚರ್ಮಕ್ಕೆ ಜೆಲ್ ಹಚ್ಚುವುದಕ್ಕೆ ಇದೇ ಕಾರಣ; ಜೆಲ್ ಔಷಧವಲ್ಲ, ಸೇತುವೆ. ದೇಹದೊಳಗೆ ಹೊಕ್ಕ ಶಬ್ದವು ಮುಂದಕ್ಕೆ ಹೋದಂತೆಲ್ಲಾ ಕ್ಷೀಣಿಸುವುದು. ಕಂಪನವು ಹೆಚ್ಚಿದಷ್ಟೂ ಮೇಲ್ಭಾಗದಲ್ಲಿಯೇ ಹೀರಲ್ಪಡುವುದರಿಂದ 3 ಮೆಗಾಹರ್ಟ್ಸ್ ಶಬ್ದವನ್ನು ಚರ್ಮದಿಂದ ಒಂದೆರಡು ಸೆಂಟಿಮೀಟರ್ ಆಳದ ಅಂಗಗಳಿಗೂ, 1 ಮೆಗಾಹರ್ಟ್ಸ್ ಶಬ್ದವನ್ನು ಅದಕ್ಕಿಂತ ಕೆಳಗೆ ಐದು ಸೆಂಟಿಮೀಟರಿನವರೆಗಿನ ಅಂಗಗಳಿಗೂ ಆರಿಸುವರು. ಕೊಬ್ಬು ಇದನ್ನು ಸ್ವಲ್ಪವೇ ಹೀರುವುದು. ಕೊಲಾಜೆನ್ ಎಂಬ ನಾರಿನಿಂದಾದ ಸ್ನಾಯುರಜ್ಜುಗಳೂ ಕೀಲಿನ ಕಟ್ಟುಗಳೂ ಹೆಚ್ಚಾಗಿ ಹೀರುವುವು. ಎಲುಬು ಎಲ್ಲಕ್ಕಿಂತ ಹೆಚ್ಚಾಗಿ ಹೀರುವುದು. ಎಲುಬಿನ ಮೇಲಣ ಪೊರೆಯಲ್ಲಿ ಕಾವು ಬೇಗನೆ ಕೂಡಿ ಆಳವಾದ ನೋವು ತೋರುವುದು ಈ ಕಾರಣದಿಂದಲೇ.

ಗುಣ

ಅಂಗವು ಹೀರಿದ ಶಬ್ದವು ಕಾವಾಗಿ ಪರಿಣಮಿಸುವುದು. ಇದು ಇದರ ಮುಖ್ಯವಾದ ಮತ್ತು ಸ್ಪಷ್ಟವಾಗಿ ಅಳೆಯಲ್ಪಟ್ಟ ಗುಣ. ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯದಲ್ಲಿ ಸ್ವೇದಕರ್ಮವನ್ನು ಅಗ್ನಿಯ ಸಹಾಯದಿಂದ ಮಾಡತಕ್ಕ 13 ಬಗೆಯಾಗಿಯೂ, ವ್ಯಾಯಾಮ, ದಪ್ಪ ಹೊದಿಕೆ, ಬಿಸಿಲು ಮೊದಲಾದ ಅಗ್ನಿಯಿಲ್ಲದ 10 ಬಗೆಯಾಗಿಯೂ ವಿಭಾಗಿಸಿದೆ. ಅಲ್ಟ್ರಾಸೌಂಡ್ ಎರಡನೆಯ ವರ್ಗದ ಸಮೀಪಕ್ಕೆ ಬರುವುದು. ಏಕೆಂದರೆ ಹೊರಗಿನಿಂದ ಕಾವು ಬಾರದೆ ಅಂಗದೊಳಗೆಯೇ ಹುಟ್ಟುವುದು. ಇಷ್ಟರಿಂದ ಪ್ರಾಚೀನರು ಈ ಶಬ್ದವನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಸರ್ವಥಾ ಸಲ್ಲದು. ಸ್ವೇದದ ವಿಷಯದಲ್ಲಿ ಅವರು ಮಾತ್ರೆಯನ್ನೂ ನಿಷೇಧವನ್ನೂ ವಿಧಿಯೊಡನೆಯೇ ಹೇಳಿದರೆಂಬುದಷ್ಟೇ ಇಲ್ಲಿ ಗ್ರಾಹ್ಯವಾದ ಅಂಶವು.

ಕಾವಲ್ಲದೆ ಯಾಂತ್ರಿಕವಾದ ಪರಿಣಾಮಗಳೂ ಉಂಟು. ದ್ರವದಲ್ಲಿ ಸೂಕ್ಷ್ಮವಾದ ಗುಳ್ಳೆಗಳು ಹುಟ್ಟಿ ಹಿಗ್ಗಿ ಕುಗ್ಗುವುವು; ಜೀವಕೋಶಗಳ ಸುತ್ತ ಸಣ್ಣ ಪ್ರವಾಹಗಳೇಳುವುವು. ಇವುಗಳಿಂದ ಗಾಯ ಮಾಯುವ ಕಾರ್ಯವು ಚುರುಕಾಗುವುದೆಂದು ಹೇಳುವರು. ಪ್ರಯೋಗಶಾಲೆಯ ಪಾತ್ರೆಗಳಲ್ಲಿ ಕಂಡ ಈ ಪರಿಣಾಮಗಳು ರೋಗಿಯ ದೇಹದಲ್ಲಿಯೂ ಚಿಕಿತ್ಸೆಗೆ ಸಾಕಾಗುವಷ್ಟು ಆಗುವುವೆಂಬುದಕ್ಕೆ ಪ್ರಮಾಣವು ಸಾಲದೆಂದು 2001ರಲ್ಲಿ ಬೇಕರ್ ಮೊದಲಾದವರು ವಿಮರ್ಶೆಮಾಡಿ ತೋರಿಸಿರುವರು. ಕಾವು ಬೇಡವಾದ ಹೊಸ ಪೆಟ್ಟುಗಳಿಗೆ ಶಬ್ದವನ್ನು ಸತತವಾಗಿ ಬಿಡದೆ ಬಿಟ್ಟು ಬಿಟ್ಟು ಕೊಡುವ ಕ್ರಮವುಂಟು. ಐದು ಭಾಗ ಕಾಲದಲ್ಲಿ ಒಂದು ಭಾಗ ಶಬ್ದ, ನಾಲ್ಕು ಭಾಗ ವಿರಾಮ. ಹೀಗೆ 1 ವಾಟ್ ಕೊಟ್ಟರೆ ಸರಾಸರಿಯಲ್ಲಿ ಐದನೆಯ ಒಂದಂಶ ಮಾತ್ರ ಅಂಗಕ್ಕೆ ಸೇರುವುದು.

ಮಾತ್ರೆ

ಶಬ್ದದ ತೀವ್ರತೆಯನ್ನು ಚದರ ಸೆಂಟಿಮೀಟರಿಗೆ ಇಷ್ಟು ವಾಟ್ ಎಂದು ಅಳೆಯುವರು. ಅಂತರರಾಷ್ಟ್ರೀಯ ನಿಯಮವು ಚಿಕಿತ್ಸಾಯಂತ್ರದ ತೀವ್ರತೆಯು 3 ವಾಟನ್ನು ಮೀರಬಾರದೆಂದು ವಿಧಿಸಿದೆ. ಆದರೆ ಮಾತ್ರೆಯೆಂಬುದು ತೀವ್ರತೆಯೊಂದೇ ಅಲ್ಲ. ಕಂಪನ, ಕಾಲ, ಕ್ಷೇತ್ರ ಈ ಮೂರೂ ಕೂಡಿದಾಗ ಮಾತ್ರೆಯು ನಿರ್ಣೀತವಾಗುವುದು. 1995ರಲ್ಲಿ ಅಮೇರಿಕದ ಡ್ರೇಪರ್ ಮೊದಲಾದವರು ಕಾಲಿನ ಮೀನಖಂಡದೊಳಕ್ಕೆ ಉಷ್ಣಮಾಪಕ ಸೂಜಿಗಳನ್ನು ತೂರಿಸಿ ಅಳೆದಾಗ, 1 ಮೆಗಾಹರ್ಟ್ಸ್ ಶಬ್ದವನ್ನು 1 ವಾಟ್ ತೀವ್ರತೆಯಲ್ಲಿ ಸತತವಾಗಿ ಕೊಟ್ಟರೆ ನಿಮಿಷಕ್ಕೆ ಸುಮಾರು 0.2 ಡಿಗ್ರಿ ಸೆಂಟಿಗ್ರೇಡ್ ಮಾತ್ರ ಕಾವೇರುವುದೆಂದೂ, 3 ಮೆಗಾಹರ್ಟ್ಸ್ ಆದರೆ ಅಷ್ಟೇ ತೀವ್ರತೆಯಲ್ಲಿ 0.6 ಡಿಗ್ರಿ ಏರುವುದೆಂದೂ ತಿಳಿದುಬಂದಿತು. ಅವರು ಶಬ್ದವನ್ನು ಕೊಟ್ಟ ಕ್ಷೇತ್ರವು ಲೋಹಮುಖದಿಂದ ನಿಜವಾಗಿ ಶಬ್ದ ಹೊರಡುವ ಭಾಗದ ಎರಡರಷ್ಟು ಮಾತ್ರವಿದ್ದಿತು.

ಈ ಲೆಕ್ಕದಿಂದ ಎರಡು ವಿಷಯಗಳು ಸಿದ್ಧವಾಗುವುವು. ಬಿಗಿತ ಹಿಡಿದ ಸ್ನಾಯುರಜ್ಜುವನ್ನು ಎಳೆದು ಸಡಿಲಿಸಬೇಕಾದರೆ ಸುಮಾರು 4 ಡಿಗ್ರಿ ಕಾವು ಏರಬೇಕೆಂಬುದು ಈ ವಿದ್ಯೆಯಲ್ಲಿ ನಡೆದುಬಂದ ಮತವು. 1 ಮೆಗಾಹರ್ಟ್ಸ್ ಶಬ್ದವನ್ನು 1 ವಾಟಿನಂತೆ ಐದು ನಿಮಿಷ ಕೊಟ್ಟರೆ ಏರುವುದು 1 ಡಿಗ್ರಿ ಮಾತ್ರ. ಬೆನ್ನಿನ ಅಗಲಕ್ಕೆಲ್ಲಾ ಲೋಹಮುಖವನ್ನು ಹರಿದಾಡಿಸಿದರೆ ಅಷ್ಟೂ ಏರದು. ಇಂತಹ ಚಿಕಿತ್ಸೆಯು ರೋಗಿಗೆ ಹಾನಿಯನ್ನು ಮಾಡದಿದ್ದರೂ ಅವನ ಕಾಲವನ್ನೂ ಹಣವನ್ನೂ ವ್ಯರ್ಥಮಾಡುವುದು. ಇದಕ್ಕೆ ವಿರುದ್ಧವಾಗಿ 3 ಮೆಗಾಹರ್ಟ್ಸ್ ಶಬ್ದವನ್ನು 2 ವಾಟಿನಂತೆ ಕೊಟ್ಟಲ್ಲಿ ನಿಮಿಷಕ್ಕೆ ಸುಮಾರು 1.4 ಡಿಗ್ರಿ ಏರುವುದರಿಂದ ಐದೇ ನಿಮಿಷದಲ್ಲಿ 7 ಡಿಗ್ರಿ ಏರಿ, ಅಂಗಕ್ಕೆ ಅಪಾಯಕರವಾದ 45 ಡಿಗ್ರಿಯ ಸಮೀಪಕ್ಕೆ ಮುಟ್ಟುವುದು. ಒಂದೇ ಐದು ನಿಮಿಷವು ಒಂದು ಕಡೆ ನಿಷ್ಫಲವೂ ಮತ್ತೊಂದು ಕಡೆ ಅಪಾಯವೂ ಆಗುವುದು. ಎಲ್ಲರಿಗೂ ಒಂದೇ ಅಳತೆಯೆಂಬ ರೂಢಿಯು ಯುಕ್ತವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಯಂತ್ರವು ತೋರಿಸುವ ಅಂಕೆಯನ್ನೂ ಕಣ್ಣುಮುಚ್ಚಿ ನಂಬತಕ್ಕದ್ದಲ್ಲ. ಸ್ಕಾಟ್ಲೆಂಡಿನ ಲೋಥಿಯನ್ ಪ್ರಾಂತದ ಯಂತ್ರಗಳನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅರ್ಧಕ್ಕಿಂತ ಹೆಚ್ಚು ಯಂತ್ರಗಳು ತೋರಿಸಿದ ಅಂಕೆಗೂ ಹೊರಬಂದ ಶಕ್ತಿಗೂ ನೂರಕ್ಕೆ ಮೂವತ್ತನ್ನು ಮೀರಿದ ವ್ಯತ್ಯಾಸವು ಕಂಡುಬಂದಿತು. ಶಬ್ದವು ನೀರಿನಲ್ಲಿಟ್ಟ ತಟ್ಟೆಯನ್ನು ಒತ್ತುವ ಬಲವನ್ನು ತಕ್ಕಡಿಯಿಂದ ಅಳೆದು ಶಕ್ತಿಯನ್ನು ನಿರ್ಣಯಿಸುವರು. ಶಬ್ದವನ್ನು ಪೂರ್ಣವಾಗಿ ಹೀರುವ ತಟ್ಟೆಗೆ 1 ವಾಟ್ ಶಕ್ತಿಯ ಒತ್ತು ಸುಮಾರು 68 ಮಿಲಿಗ್ರಾಂ ತೂಕದಷ್ಟು ಮಾತ್ರವಾದುದರಿಂದ ಇದಕ್ಕೆ ಸೂಕ್ಷ್ಮವಾದ ತಕ್ಕಡಿಯೇ ಬೇಕು. ಲೋಹಮುಖದ ಮೇಲೆ ನಾಲ್ಕು ಹನಿ ನೀರು ಹಾಕಿ ಅದು ಕುಣಿಯುವುದನ್ನು ನೋಡುವ ಪದ್ಧತಿಯಿಂದ ಯಂತ್ರವು ನಡೆಯುತ್ತಿದೆಯೆಂದು ತಿಳಿಯಬಹುದೇ ಹೊರತು ಎಷ್ಟು ನಡೆಯುತ್ತಿದೆಯೆಂದು ತಿಳಿಯಲಾಗದು. ನಿಯತಕಾಲದಲ್ಲಿ ಬಲ್ಲವರಿಂದ ಅಳತೆಯನ್ನು ಸರಿಪಡಿಸಿಕೊಳ್ಳುವುದು ಅವಶ್ಯಕವು.

ಪ್ರಯೋಗವಿಧಿ

ಮೊದಲು ರೋಗಿಯ ಚರ್ಮದ ಅರಿವನ್ನು ಪರೀಕ್ಷಿಸಬೇಕು. ಬಿಸಿನೀರಿನ ನಳಿಗೆಯೊಂದನ್ನೂ ತಣ್ಣೀರಿನ ನಳಿಗೆಯೊಂದನ್ನೂ ಚಿಕಿತ್ಸೆಯ ಸ್ಥಳಕ್ಕೆ ಮುಟ್ಟಿಸಿ, ಕಣ್ಣುಮುಚ್ಚಿದ ರೋಗಿಯು ಯಾವುದು ಬಿಸಿ, ಯಾವುದು ತಣ್ಣಗೆ ಎಂದು ಹೇಳಬಲ್ಲನೇ ಎಂದು ನೋಡುವುದು ಸುಲಭವಾದ ಕ್ರಮ. ಈ ಪರೀಕ್ಷೆಯನ್ನು ಎಂದಿಗೂ ಬಿಡತಕ್ಕದ್ದಲ್ಲ. ಅಂಗದೊಳಗಿನ ಕಾವನ್ನು ಚಿಕಿತ್ಸಕನು ನೋಡಲಾರನು. ಅವನಿಗಿರುವ ಪ್ರಮಾಣವು ರೋಗಿಯ ಮಾತೊಂದೇ. ಬಹುಕಾಲದ ಮಧುಮೇಹದಿಂದ ಪಾದಗಳ ಅರಿವು ಕುಂದಿದವನು, ಕುಷ್ಠದಿಂದ ಸ್ಪರ್ಶಜ್ಞಾನ ಹೋದವನು, ನರಕ್ಕೆ ಪೆಟ್ಟಾದವನು ಸುಟ್ಟರೂ ಹೇಳಲಾರರು. ಅಂತಹವರಲ್ಲಿ ಕಾವು ಕೊಡುವ ಚಿಕಿತ್ಸೆಯನ್ನು ಬಿಡುವುದೇ ಯುಕ್ತವು.

ಎರಡನೆಯದಾಗಿ, ಲೋಹಮುಖವನ್ನು ಒಂದೇ ಸ್ಥಳದಲ್ಲಿ ನಿಲ್ಲಿಸಬಾರದು. ಹೊರಬರುವ ಶಬ್ದವು ಮುಖದ ಎಲ್ಲಾ ಭಾಗಗಳಲ್ಲಿಯೂ ಸಮವಾಗಿರುವುದಿಲ್ಲ. ಕೆಲವು ಬಿಂದುಗಳಲ್ಲಿ ಸರಾಸರಿಗಿಂತ ಐದಾರು ಪಾಲು ಹೆಚ್ಚಾಗಿರುವುದುಂಟು. ಈ ಪ್ರಮಾಣವು ಎಂಟನ್ನು ಮೀರಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ಪ್ರಮಾಣವು ಆರಾದ ಯಂತ್ರದಲ್ಲಿ 1.5 ವಾಟ್ ಇಟ್ಟರೆ ಆ ಬಿಂದುವಿನಲ್ಲಿ 9 ವಾಟ್ ಇರುವುದೆಂದಾಯಿತು. ನಿಲ್ಲಿಸಿದ ಮುಖದಿಂದ ಮತ್ತೊಂದು ದೋಷವೂ ಉಂಟು. ಎಲುಬಿನಿಂದ ಹಿಂದಿರುಗಿದ ಅಲೆಯು ಬರುವ ಅಲೆಯೊಡನೆ ಕೂಡಿ ನಿಂತ ಅಲೆಯಾದಾಗ ಸಣ್ಣ ರಕ್ತನಾಳಗಳಲ್ಲಿ ರಕ್ತಕಣಗಳು ಗುಂಪುಗೂಡಿ ನಿಲ್ಲುವುದನ್ನು 1970ರ ದಶಕದಲ್ಲಿ ಲಂಡನ್ನಿನ ಮೇರಿ ಡೈಸನ್ ಮೊದಲಾದವರು ಕೋಳಿಯ ಭ್ರೂಣದಲ್ಲಿ ಪ್ರತ್ಯಕ್ಷವಾಗಿ ಕಂಡರು. ಆದುದರಿಂದ ಮುಖವನ್ನು ಚರ್ಮಕ್ಕೆ ಸಮವಾಗಿ ತಾಗಿಸಿ, ಅವಸರವಿಲ್ಲದೆ, ಸೆಕೆಂಡಿಗೆ ಸುಮಾರು 4 ಸೆಂಟಿಮೀಟರಿನಂತೆ ಸುತ್ತುತ್ತಲೋ ಹಿಂದುಮುಂದಾಗಿ ಎಳೆಯುತ್ತಲೋ ಇರಬೇಕು. ಎಲುಬಿನಾಳದಲ್ಲಿ ನೋವೆಂದು ರೋಗಿಯು ಹೇಳಿದ ಕ್ಷಣವೇ ತೀವ್ರತೆಯನ್ನು ಇಳಿಸಬೇಕು. "ಸ್ವಲ್ಪ ತಾಳಿಕೊಳ್ಳಿ" ಎಂಬ ಮಾತಿಗೆ ಈ ಚಿಕಿತ್ಸೆಯಲ್ಲಿ ಸ್ಥಳವಿಲ್ಲ. ಬೆರಳು ಮೊದಲಾದ ಏರುತಗ್ಗಿನ ಅಂಗಗಳನ್ನು ನೀರಿನಲ್ಲಿ ಮುಳುಗಿಸಿ, ಅಂಟಿದ ಗಾಳಿಗುಳ್ಳೆಗಳನ್ನು ಒರೆಸಿ, ಸ್ವಲ್ಪ ದೂರದಿಂದ ಶಬ್ದವನ್ನು ಕೊಡುವರು. ಒಬ್ಬ ರೋಗಿಯಿಂದ ಮತ್ತೊಬ್ಬನಿಗೆ ಸೋಂಕು ಹತ್ತದಂತೆ ಲೋಹಮುಖವನ್ನು ಪ್ರತಿಸಲವೂ ಶುದ್ಧಿಮಾಡಬೇಕು. ಜೆಲ್ ಸೀಸೆಯ ಬಾಯಿಯನ್ನು ಚರ್ಮಕ್ಕೆ ತಾಗಿಸಬಾರದು.

ಕಾವಿನ ಫಲವು ಬಹುಬೇಗ ಆರುವುದು. ಅಂಗವನ್ನು ಸಡಿಲಿಸುವುದಕ್ಕಾಗಿ ಕಾಯಿಸಿದ್ದಾದರೆ, ಕಾಯಿಸುವಾಗಲೂ ನಿಲ್ಲಿಸಿದ ಕೆಲವೇ ನಿಮಿಷಗಳೊಳಗೂ ಎಳೆತದ ವ್ಯಾಯಾಮವನ್ನು ಮಾಡಿಸಬೇಕು. ಕಾಯಿಸಿದ ಕಬ್ಬಿಣವನ್ನು ಆರಿದ ಮೇಲೆ ಬಡಿದರೆ ಬಗ್ಗದಷ್ಟೆ.

ನಿಷೇಧಗಳು

ಚರಕಸಂಹಿತೆಯು ವೃಷಣ, ಹೃದಯ, ಕಣ್ಣು ಇವುಗಳಿಗೆ ಸ್ವೇದವನ್ನು ಕೊಡಲೇಬಾರದು, ಕೊಟ್ಟರೂ ಬಹು ಮೃದುವಾಗಿ ಕೊಡಬೇಕೆಂದು ಹೇಳಿ, ಗರ್ಭಿಣಿ, ರಕ್ತಪಿತ್ತವುಳ್ಳವನು, ಮಧುಮೇಹಿ ಮೊದಲಾದವರನ್ನು ಸ್ವೇದಕ್ಕೆ ಅನರ್ಹರೆಂದು ಎಣಿಸಿದೆ. ಆಧುನಿಕರ ಪಟ್ಟಿಯು ಬೇರೆ ಕಾರಣಗಳಿಂದ ಹುಟ್ಟಿದುದಾದರೂ ಕೆಲವೆಡೆಗಳಲ್ಲಿ ಇದರೊಡನೆ ಕೂಡುವುದು. ಕಣ್ಣಿನಲ್ಲಿ ಕಾವನ್ನು ಒಯ್ಯುವಷ್ಟು ರಕ್ತಸಂಚಾರವಿಲ್ಲದಿರುವುದರಿಂದಲೂ, ದ್ರವದಲ್ಲಿ ಗುಳ್ಳೆಗಳೇಳುವ ಭಯದಿಂದಲೂ ಅದರ ಮೇಲೆ ಪ್ರಯೋಗಿಸಬಾರದು. ಗರ್ಭಿಣಿಯ ಹೊಟ್ಟೆ, ಸೊಂಟ, ಕೆಳಬೆನ್ನುಗಳ ಮೇಲೆ ಪ್ರಯೋಗಿಸಬಾರದು. ಭ್ರೂಣಕ್ಕೆ ಕಾವು ಅಹಿತವು. ಕ್ಯಾನ್ಸರ್ ಗಡ್ಡೆಯಿರುವ ಅಥವಾ ಅದರ ಸಂಶಯವಿರುವ ಸ್ಥಳದಲ್ಲಿ ಪ್ರಯೋಗಿಸಿದರೆ ಅದು ಬೆಳೆಯುವ ಭಯವುಂಟು. ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವಾಗ ಪ್ರಯೋಗಿಸಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಆದುದರಿಂದ ಕಾರಣ ತಿಳಿಯದೆ ಊದಿಕೊಂಡು ನೋಯುವ ಮೀನಖಂಡವನ್ನು ವೈದ್ಯನು ಪರೀಕ್ಷಿಸುವವರೆಗೆ ಮುಟ್ಟಬಾರದು. ರಕ್ತ ಸುರಿಯುವ ಅಂಗ, ಕೀವುಗೂಡಿದ ಅಂಗ, ರಕ್ತಸಂಚಾರ ಕುಂದಿದ ಅಂಗ, ವಿಕಿರಣ ಚಿಕಿತ್ಸೆಯಾದ ಅಂಗ, ವೃಷಣ, ಕುತ್ತಿಗೆಯ ಮುಂಭಾಗ, ಶಸ್ತ್ರಕ್ರಿಯೆಯಿಂದ ಎಲುಬನ್ನು ತೆಗೆದು ಬೆನ್ನುಹುರಿಯು ಕವಚವಿಲ್ಲದಂತಾದ ಸ್ಥಳ, ಹೃದಯದ ಪೇಸ್‌ಮೇಕರ್ ಇಟ್ಟ ಎದೆಯ ಭಾಗ ಇವೆಲ್ಲವೂ ವರ್ಜ್ಯವು. ಬೆಳೆಯುವ ಮಕ್ಕಳ ಎಲುಬಿನ ತುದಿಗಳಲ್ಲಿ ಬಹಳ ಎಚ್ಚರಿಕೆ ಬೇಕು. ಸಿಮೆಂಟು ಹಾಕಿ ಕೂರಿಸಿದ ಅಥವಾ ಪ್ಲಾಸ್ಟಿಕ್ ಭಾಗಗಳುಳ್ಳ ಕೃತಕ ಕೀಲುಗಳ ಮೇಲೆಯೂ ಇದನ್ನು ಬಿಡುವರು.

ಫಲವಿಚಾರ

ಚಿಕಿತ್ಸೆಯಾದ ಮೇಲೆ ನೋವು ಕಡಿಮೆಯಾಯಿತೆಂದ ಮಾತ್ರಕ್ಕೆ ಚಿಕಿತ್ಸೆಯಿಂದಲೇ ಕಡಿಮೆಯಾಯಿತೆಂದು ಸಿದ್ಧವಾಗುವುದಿಲ್ಲ. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಇರುವ ಸಂಬಂಧವೂ ಅಲ್ಲಿರಬಹುದು. ಉಳುಕು ತನ್ನಷ್ಟಕ್ಕೆ ಮಾಯುವುದು. ಆದರದಿಂದ ಮುಟ್ಟಿ ಉಪಚರಿಸಿದುದರಿಂದಲೂ ನೋವು ತಗ್ಗುವುದು. ಇದ್ದಾಗ ಆಗುವುದು, ಇಲ್ಲದಾಗ ಆಗದಿರುವುದು ಎಂಬ ಅನ್ವಯವ್ಯತಿರೇಕಗಳೆರಡೂ ಕೂಡಿದರೆ ಮಾತ್ರ ಕಾರ್ಯಕಾರಣಭಾವವು ನಿಲ್ಲುವುದು. ಈ ಶಬ್ದವು ಕೇಳಿಸದಿರುವುದು ಪರೀಕ್ಷೆಗೆ ದೊಡ್ಡ ಅನುಕೂಲವಾಯಿತು: ಕೆಲವು ರೋಗಿಗಳಿಗೆ ಶಬ್ದವನ್ನು ಬಿಟ್ಟೂ, ಕೆಲವರಿಗೆ ಬಿಡದೆಯೂ, ಇಬ್ಬರಿಗೂ ಲೋಹಮುಖವನ್ನು ಒಂದೇ ರೀತಿಯಾಗಿ ಆಡಿಸಿ ಹೋಲಿಸಬಹುದು.

ಇಂತಹ 35 ಪರೀಕ್ಷೆಗಳನ್ನು ರಾಬರ್ಟ್‌ಸನ್ ಮತ್ತು ಬೇಕರ್ ಎಂಬವರು 2001ರಲ್ಲಿ ವಿಮರ್ಶಿಸಿದರು. ಅವುಗಳಲ್ಲಿ 10 ಮಾತ್ರ ಅಂಗೀಕಾರಾರ್ಹವಾಗಿದ್ದುವು. ಆ ಹತ್ತರಲ್ಲಿ ಎಂಟರಲ್ಲಿ ನಿಜವಾದ ಶಬ್ದಕ್ಕೂ ಹುಸಿ ಶಬ್ದಕ್ಕೂ ಭೇದವು ಕಾಣಲಿಲ್ಲ. ಉಳಿದೆರಡೂ ವಿಯೆನ್ನಾದ ಎಬೆನ್‌ಬಿಖ್ಲರ್ ಮೊದಲಾದವರವು. 1998ರ ಒಂದು ಪರೀಕ್ಷೆಯಲ್ಲಿ ಮಣಿಕಟ್ಟಿನ ನರವು ಅದುಮಲ್ಪಟ್ಟು ಬೆರಳುಗಳು ಜೋಮು ಹಿಡಿಯುವ ರೋಗಕ್ಕೆ ಗುಣವು ಕಂಡಿತು. 1999ರ ಮತ್ತೊಂದರಲ್ಲಿ ಭುಜದ ಸ್ನಾಯುರಜ್ಜುವಿನಲ್ಲಿ ಸುಣ್ಣಗಟ್ಟಿದವರಿಗೆ 15 ನಿಮಿಷಗಳಂತೆ 24 ಸಲ ಶಬ್ದವನ್ನು ಕೊಡಲಾಯಿತು. ಒಂಬತ್ತು ತಿಂಗಳ ಮೇಲೆ ನೂರಕ್ಕೆ 42 ಭುಜಗಳಲ್ಲಿ ಸುಣ್ಣವು ಕರಗಿಹೋಗಿದ್ದಿತು. ಹುಸಿ ಚಿಕಿತ್ಸೆಯಲ್ಲಿ ನೂರಕ್ಕೆ 8ರಲ್ಲಿ ಮಾತ್ರ. ಆದರೆ ನೋವಿನ ವಿಷಯದಲ್ಲಿ ಆ ವೇಳೆಗೆ ಎರಡು ಗುಂಪುಗಳಿಗೂ ಗಣನೀಯವಾದ ಭೇದವು ಉಳಿದಿರಲಿಲ್ಲವೆಂಬುದನ್ನೂ ಮರೆಯಬಾರದು.

ಕೆಳಬೆನ್ನಿನ ನೋವಿಗೆ ಇದನ್ನು ಕೊಡಬಾರದೆಂದು ಬ್ರಿಟನ್ನಿನ ನೈಸ್ ಎಂಬ ಆರೋಗ್ಯಸಂಸ್ಥೆಯು 2016ರಲ್ಲಿ ಸೂಚಿಸಿತು. ಮುರಿದ ಎಲುಬು ಬೇಗ ಕೂಡುವುದಕ್ಕಾಗಿ ಚದರ ಸೆಂಟಿಮೀಟರಿಗೆ 30 ಮಿಲಿವಾಟಿನ ಅತಿಮಂದ ಶಬ್ದವನ್ನು ದಿನಕ್ಕೆ 20 ನಿಮಿಷ ಕೊಡುವ ಪದ್ಧತಿಯೊಂದುಂಟು. ಮೊಳಕಾಲಿನ ಕೆಳಗಿನ ಎಲುಬು ಮುರಿದ 501 ರೋಗಿಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದರಿಂದ ಲಾಭವು ತೋರಲಿಲ್ಲ.

ಉಪಸಂಹಾರ

ಮೇಲಣ ವಿಚಾರದಿಂದ ಇಷ್ಟು ಫಲಿಸುವುದು. ಅಲ್ಟ್ರಾಸೌಂಡ್ ಅಂಗದಾಳದಲ್ಲಿ ಕಾವನ್ನು ಹುಟ್ಟಿಸಬಲ್ಲುದು. ಆ ಕಾವು ಉದ್ದೇಶಕ್ಕೆ ಮುಟ್ಟಬೇಕಾದರೆ ಕಂಪನ, ತೀವ್ರತೆ, ಕಾಲ, ಕ್ಷೇತ್ರಗಳನ್ನು ರೋಗಿಗೆ ತಕ್ಕಂತೆ ಲೆಕ್ಕಮಾಡಬೇಕು. ಅದರಿಂದಾಗುವ ಹಾನಿಗಳು ಬಹುಮಟ್ಟಿಗೆ ತಪ್ಪಿಸತಕ್ಕವು. ಅರಿವಿನ ಪರೀಕ್ಷೆ, ನಿಷೇಧಗಳ ವಿಚಾರಣೆ, ಸದಾ ಚಲಿಸುವ ಕೈ, ರೋಗಿಯ ಮಾತಿಗೆ ಕೊಡುವ ಕಿವಿ, ಅಳತೆ ತಪ್ಪದ ಯಂತ್ರ ಈ ಐದೂ ಇದ್ದಲ್ಲಿ ಅಪಾಯವು ಅಲ್ಪವು. ಪ್ರಯೋಜನವಾದರೋ ಕೆಲವೇ ರೋಗಗಳಲ್ಲಿ ಪ್ರಮಾಣಸಿದ್ಧವಾಗಿದೆ. ಹೀಗಿರುವುದರಿಂದ ವ್ಯಾಯಾಮದಿಂದ ಗುಣವಾಗತಕ್ಕ ರೋಗಿಯನ್ನು ಯಂತ್ರದ ಕೆಳಗೆ ಮಲಗಿಸಿ ದಿನಗಳನ್ನು ಕಳೆಯುವುದು, ಸುಟ್ಟಗಾಯದಂತೆ ಕಣ್ಣಿಗೆ ಕಾಣದಿದ್ದರೂ, ಒಂದು ಹಾನಿಯೇ ಸರಿ. ಕೆಲವು ಸಲ ಕೊಟ್ಟು ನೋಡಿ ಗುಣ ಕಾಣದಿದ್ದಲ್ಲಿ ನಿಲ್ಲಿಸತಕ್ಕದ್ದು. ಶೀತ, ನೋವು, ಬಿಗಿತ, ಭಾರ ಇವು ನೀಗಿದೊಡನೆ ಸ್ವೇದವನ್ನು ನಿಲ್ಲಿಸಬೇಕೆಂದು ಪ್ರಾಚೀನರು ವಿಧಿಸಿದರು. ನೀಗದಿದ್ದಾಗಲೂ ನಿಲ್ಲಿಸುವ ವಿವೇಕವು ಈ ಹೊಸ ಚಿಕಿತ್ಸೆಗೆ ಅಷ್ಟೇ ಅವಶ್ಯಕವು.